ನಾಲ್ಕು ಈಮೇಲ್‌ಗಳನ್ನು ಕಂಪ್ಯೂಟರ್‌ನಲ್ಲಿ ಒಂದೇ ಕಡೆ ನೋಡಬಹುದಾ? ಒಂದಕ್ಕೊಂದು ಕಲಸಿ ಹೋಗುವುದಿಲ್ಲವಾ?

ಧಾರಾಳವಾಗಿ ನೋಡಬಹುದು. ಓದುವಾಗ ಕಲಸುವುದಿಲ್ಲ. ಕಲಸುವುದು ಕಳಿಸುವಾಗ. ಅದಕ್ಕೆ ಮೊದಲೇ ಸ್ವಲ್ಪ ಏರ್ಪಾಡು ಮಾಡಿಕೊಳ್ಳಬೇಕು.

ಕುಮಟಾದಲ್ಲಿ ಅಂಗಡಿ ಇದೆ, ಅಂಗಡಿಯದೊಂದು ಈಮೇಲ್, ನಿಮ್ಮದೊಂದು, ಅಪ್ಪನ ಪಿಂಚಣಿ ಮತ್ತು ಬ್ಯಾಂಕಿನದೊಂದು, ದೇವಸ್ಥಾನದ ಕಮಿಟಿಯದೊಂದು ಅಂತ ಬರೆದಿದ್ದೀರಿ. ಬ್ರೌಸರ್‌ನಲ್ಲಿ ಒಂದರಿಂದ ಹೊರಬಂದು ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಗಿರಾಕಿ ಕಾಯುತ್ತಾ ನಿಂತಿರುತ್ತಾರೆ. ನನಗೆ ಅದು ಚೆನ್ನಾಗಿ ಗೊತ್ತು. ನಾನು ಶಿರಸಿಯಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುತ್ತೇನೆ. ಇಬ್ಬರು ಅಡಿಕೆ ವ್ಯಾಪಾರಿಗಳದ್ದು, ಒಂದು ಸಹಕಾರ ಸಂಘದ್ದು, ಅಕ್ಕನ ಹೋಮ್‌ಸ್ಟೇದು, ನನ್ನ ಆಫೀಸಿನದು, ಸ್ವಂತದ್ದು. ಒಟ್ಟು ಆರು ವಿಳಾಸಗಳನ್ನು ದಿನಾ ನೋಡುತ್ತೇನೆ.

ನಾನು ಬಳಸುವುದು ಥಂಡರ್‌ಬರ್ಡ್ ಅನ್ನುವ ಈಮೇಲ್ ಪ್ರೋಗ್ರಾಂ. ಫೈರ್‌ಫಾಕ್ಸ್ ಕೊಟ್ಟ ಮೊಜಿಲ್ಲಾದವರದ್ದೇ. ಅದರ 1.0 ಆವೃತ್ತಿ 2004ರ ಡಿಸೆಂಬರ್‌ನಲ್ಲಿ ಬಂದಿತ್ತು. ದುಡ್ಡು ಕೊಡಬೇಕಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನೀವು ಬೇರೆ ಪ್ರೋಗ್ರಾಂ ಹಾಕಿಕೊಂಡರೂ ಮೆನು ಬೇರೆ ಇರುತ್ತದೆ ಅಷ್ಟೇ, ವಿಷಯ ಇದೇ.

ಅಕೌಂಟ್ ಸೇರಿಸುವಾಗ ಐಮ್ಯಾಪ್ ಬೇಕಾ, ಪಾಪ್ ಬೇಕಾ ಅಂತ ಕೇಳುತ್ತದೆ. ಪತ್ರ ತರಿಸಿಕೊಳ್ಳುವ ಎರಡು ವಿಧಾನ ಅವು. ನಾಲ್ಕಕ್ಕೂ ಐಮ್ಯಾಪ್ ಅನ್ನೇ ಆರಿಸಿ. ಐಮ್ಯಾಪ್‌ನಲ್ಲಿ ಪತ್ರಗಳು ಸರ್ವರ್‌ನಲ್ಲೇ, ಅಂದರೆ ಈಮೇಲ್ ಕಂಪನಿಯ ಕಂಪ್ಯೂಟರ್‌ನಲ್ಲೇ ಇರುತ್ತವೆ, ನಿಮ್ಮ ಕಂಪ್ಯೂಟರ್‌ಗೆ ಅದರ ಪ್ರತಿ ಬರುತ್ತದೆ. ಇಲ್ಲಿ ಓದಿದ್ದು ಮೊಬೈಲ್‌ನಲ್ಲೂ ಓದಿದ್ದಾಗಿ ಕಾಣುತ್ತದೆ. ಪಾಪ್‌ನಲ್ಲಿ ಪತ್ರ ಕಂಪ್ಯೂಟರ್‌ಗೆ ಇಳಿಯುತ್ತದೆ. 'ಲೀವ್ ಮೆಸೇಜಸ್ ಆನ್ ಸರ್ವರ್' ಅನ್ನುವ ಕಡೆ ಟಿಕ್ ಇಲ್ಲದಿದ್ದರೆ ಸರ್ವರ್‌ನಿಂದ ಅಳಿಸಿಯೇ ಹೋಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಮೊದಲು ನಾನು ಒಬ್ಬ ವ್ಯಾಪಾರಿಯ ಮೇಲ್ ಅನ್ನು ಪಾಪ್‌ನಲ್ಲಿ ಇಟ್ಟಿದ್ದೆ, ಆ ಟಿಕ್ ಇರಲಿಲ್ಲ. ಒಂದು ಮೇ ತಿಂಗಳ ಸಂಜೆ, ಮಳೆಗಾಲಕ್ಕೆ ಮುಂಚಿನ ಗುಡುಗು. ಮೋಡೆಮ್‌ನ ವೈರ್ ಕೀಳಲು ಏಳುವಷ್ಟರಲ್ಲಿ ಸಿಡಿಲು ಹೊಡೆಯಿತು. ಮೋಡೆಮ್ ಹೋಯಿತು, ಕಂಪ್ಯೂಟರ್ ಹೋಯಿತು, ಹಾರ್ಡ್ ಡಿಸ್ಕ್ ಕೂಡ ಹೋಯಿತು. ಮೂರು ವರ್ಷದ ಬಿಲ್ಲು, ಖರೀದಿದಾರರ ಪತ್ರ, ತೂಕದ ಪಟ್ಟಿ ಎಲ್ಲಾ ಅದರಲ್ಲೇ ಇತ್ತು. ಬ್ರೌಸರ್‌ನಲ್ಲಿ ಆ ಮೇಲ್ ತೆರೆದು ನೋಡಿದರೆ ಇನ್‌ಬಾಕ್ಸ್ ಖಾಲಿ. ಆ ವ್ಯಾಪಾರಿ ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ನಾವಿಬ್ಬರೂ ಕೂತು ಒಬ್ಬೊಬ್ಬರಿಗೇ ಫೋನ್ ಮಾಡಿ ಹಳೆಯ ಬಿಲ್ಲು ತರಿಸಿಕೊಂಡೆವು. ಎಲ್ಲಾ ಸಿಗಲಿಲ್ಲ. ನಮ್ಮ ಕಡೆ ಘಟ್ಟದ ಮೇಲಾಗಲಿ ಕೆಳಗಾಗಲಿ ಸಿಡಿಲಿಗೆ ಕಂಪ್ಯೂಟರ್ ಸುಡುವುದು ಅಪರೂಪ ಏನಲ್ಲ ಅಲ್ವಾ?

ಸೇರಿಸುವ ಕೆಲಸ ಸುಲಭ. ಹೆಸರು, ವಿಳಾಸ ಕೊಟ್ಟರೆ ಸರ್ವರ್ ವಿವರವನ್ನು ಹೆಚ್ಚಾಗಿ ಅದೇ ಹುಡುಕುತ್ತದೆ. ಜಿಮೇಲ್ ಆದರೆ ಗೂಗಲ್‌ನ ಲಾಗಿನ್ ಪುಟ ತೆರೆಯುತ್ತದೆ, ಪಾಸ್‌ವರ್ಡ್ ಅಲ್ಲಿ ಕೊಟ್ಟು ಅನುಮತಿ ಕೊಡಬೇಕು. ಎರಡು ಹಂತದ ಭದ್ರತೆ ಇದ್ದರೆ ಆಗ ಮೊಬೈಲ್‌ಗೆ ಕೋಡ್ ಬರುತ್ತದೆ. ಹಾಗಾಗಿ ಅಪ್ಪನ ಅಕೌಂಟ್ ಸೇರಿಸುವಾಗ ಅಪ್ಪನ ಮೊಬೈಲ್ ಪಕ್ಕದಲ್ಲೇ ಇರಲಿ.

ನಾಲ್ಕನ್ನೂ ಒಂದೇ ದಿನ ಸೇರಿಸಬೇಡಿ. ಜಿಮೇಲ್‌ನಲ್ಲಿ 15 ಜಿಬಿ ತನಕ ಪುಕ್ಕಟೆ ಜಾಗ ಇರುತ್ತದೆ, ಹಳೆಯ ಅಕೌಂಟ್ ತುಂಬಿಕೊಂಡಿದ್ದರೆ ಮೊದಲ ಸಲ ಇಳಿಯಲು ಗಂಟೆಗಟ್ಟಲೆ ಬೇಕು. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ 'ಸಿಂಕ್ರೊನೈಸೇಶನ್ ಅಂಡ್ ಸ್ಟೋರೇಜ್' ಅಂತ ಇದೆ. ಇತ್ತೀಚಿನ ಇಷ್ಟು ದಿನದ್ದು ಮಾತ್ರ ಇಳಿಸು ಅಂತ ಅಲ್ಲಿ ಹೇಳಬಹುದು. ಇನ್ನೊಂದು, ಜಿಮೇಲ್‌ನ 'ಆಲ್ ಮೇಲ್' ಫೋಲ್ಡರ್. ಇನ್‌ಬಾಕ್ಸ್‌ನಲ್ಲಿ ಇರುವ ಪತ್ರ ಅದರಲ್ಲೂ ಇರುತ್ತದೆ, ಸುಮ್ನೆ ಎರಡು ಸಲ ಕಾಣುತ್ತದೆ. ಜಿಮೇಲ್ ಸೆಟ್ಟಿಂಗ್ಸ್‌ನ ಲೇಬಲ್ಸ್‌ಗೆ ಹೋಗಿ ಅದರ ಮುಂದಿನ 'ಶೋ ಇನ್ ಐಮ್ಯಾಪ್' ಟಿಕ್ ತೆಗೆದುಬಿಡಿ. ಆರ್ಕೈವ್ ಮಾಡುವ, ಅಂದರೆ ಪತ್ರವನ್ನು ಅಳಿಸದೆ ಇನ್‌ಬಾಕ್ಸ್‌ನಿಂದ ತೆಗೆದಿಡುವ ಅಭ್ಯಾಸ ಇದ್ದರೆ ಮಾತ್ರ ತೆಗೆಯಬೇಡಿ, ಆರ್ಕೈವ್ ಮಾಡಿದ ಪತ್ರ ಸಿಗುವುದು ಅಲ್ಲೇ.

ಇಷ್ಟಾದ ಮೇಲೆ ನೀವು ಕೇಳಿದ 'ಒಂದೇ ಕಡೆ'. ಎಡಗಡೆ ಫೋಲ್ಡರ್ ಪಟ್ಟಿ ಇದೆಯಲ್ಲ, ಅದರ ಮೇಲಿನ ಮೂರು ಚುಕ್ಕೆ ಒತ್ತಿ, 'ಫೋಲ್ಡರ್ ಮೋಡ್ಸ್'ನಲ್ಲಿ 'ಯೂನಿಫೈಡ್ ಫೋಲ್ಡರ್ಸ್' ಆರಿಸಿ. ನಾಲ್ಕೂ ಇನ್‌ಬಾಕ್ಸ್ ಒಂದೇ ಪಟ್ಟಿಯಾಗಿ ಕಾಣುತ್ತವೆ. ಇದು ಬರೀ ನೋಟ. ಅಂಗಡಿಯ ಪತ್ರ ಅಂಗಡಿಯ ಅಕೌಂಟ್‌ನಲ್ಲೇ ಇರುತ್ತದೆ, ಕಮಿಟಿಯದು ಕಮಿಟಿಯಲ್ಲೇ. ಪಟ್ಟಿಯ ತಲೆಯಲ್ಲಿ 'ಅಕೌಂಟ್' ಅನ್ನುವ ಕಾಲಂ ಹಾಕಿಕೊಂಡರೆ ಯಾವುದು ಯಾರದ್ದು ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಈಗ ಕಳಿಸುವ ವಿಷಯ. ಬಂದ ಪತ್ರಕ್ಕೆ 'ರಿಪ್ಲೈ' ಒತ್ತಿದರೆ ಅದು ಯಾವ ವಿಳಾಸಕ್ಕೆ ಬಂದಿತ್ತೋ ಅಲ್ಲಿಂದಲೇ ಉತ್ತರ ಹೋಗುತ್ತದೆ, ತೊಂದರೆ ಇಲ್ಲ. ಆದರೆ ಎಲ್ಲಾ ಸೇರಿದ ಇನ್‌ಬಾಕ್ಸ್‌ನಲ್ಲಿ ಕೂತು ಹೊಸ ಪತ್ರ ಶುರು ಮಾಡಿದರೆ ಸಾಮಾನ್ಯವಾಗಿ ಡಿಫಾಲ್ಟ್ ಅಕೌಂಟ್‌ನಿಂದ, ಅಂದರೆ ನಾವು ಬೇರೆ ಆರಿಸದಿದ್ದಾಗ ಪ್ರೋಗ್ರಾಂ ತಾನೇ ಹಿಡಿಯುವ ಅಕೌಂಟ್‌ನಿಂದ ಹೋಗುತ್ತದೆ. ನನ್ನಲ್ಲಿ ಆಗ ಡಿಫಾಲ್ಟ್ ಇದ್ದದ್ದು ಸಹಕಾರ ಸಂಘದ ವಿಳಾಸ. ಬೆಂಗಳೂರಿನಿಂದ ಒಂದು ಕುಟುಂಬ ಯಾಣ, ಸಹಸ್ರಲಿಂಗ ನೋಡಲು ಬರುವವರಿತ್ತು, ಅಕ್ಕನ ಹೋಮ್‌ಸ್ಟೇಗೆ ಫೋನ್ ಮಾಡಿ ಬಾಡಿಗೆ ಕೇಳಿದ್ದರು. ನಾನು ಹೊಸ ಪತ್ರ ತೆರೆದು ದರ ಬರೆದು ಕಳಿಸಿದೆ. ಅದು ಹೋಗಿದ್ದು ಸಂಘದ ಹೆಸರಿನಲ್ಲಿ. ಅವರ ಉತ್ತರ ಸಂಘಕ್ಕೇ ಬಂತು, ಕಾರ್ಯದರ್ಶಿ ಓದಿದರು. ಸಂಘದ ಹೆಸರಲ್ಲಿ ಖಾಸಗಿ ವ್ಯವಹಾರ ಅಂದರೆ ಸಣ್ಣ ಮಾತಲ್ಲ. ನಾನೇ ಹೋಗಿ ಎಲ್ಲಾ ತೋರಿಸಿ ಕ್ಷಮೆ ಕೇಳಿದೆ.

ಆಮೇಲೆ ಮಾಡಿಕೊಂಡ ಏರ್ಪಾಡು ಇದು. ಡಿಫಾಲ್ಟ್ ಅಕೌಂಟ್ ನನ್ನ ಸ್ವಂತದ್ದು. ತಪ್ಪಿ ಹೋದರೂ ನನ್ನ ಹೆಸರಲ್ಲೇ ಹೋಗುತ್ತದೆ, ಬೇರೆಯವರ ಹೆಸರು ಕೆಡುವುದಿಲ್ಲ. ಪ್ರತಿ ಅಕೌಂಟ್‌ಗೂ ಬೇರೆ ಬೇರೆ ಸಹಿ ಇಟ್ಟಿದ್ದೇನೆ. ಹೊಸ ಪತ್ರ ತೆರೆದ ಕೂಡಲೇ ಕೆಳಗೆ ಯಾರ ಹೆಸರಿದೆ ಅಂತ ಕಣ್ಣಿಗೆ ಬೀಳುತ್ತದೆ, ಮೇಲಿನ 'ಫ್ರಮ್' ಸಾಲನ್ನು ನೋಡಲು ಮರೆತರೂ ಇದು ಕಾಯುತ್ತದೆ. ಹಣದ ವಿಷಯ ಇರುವ ಪತ್ರವನ್ನು ನೇರ ಕಳಿಸುವುದಿಲ್ಲ. ಕಂಟ್ರೋಲ್, ಶಿಫ್ಟ್, ಎಂಟರ್ ಒಟ್ಟಿಗೆ ಒತ್ತಿದರೆ ಪತ್ರ ಔಟ್‌ಬಾಕ್ಸ್‌ನಲ್ಲಿ ನಿಲ್ಲುತ್ತದೆ. ಸಂಜೆ ಒಮ್ಮೆ ಎಲ್ಲವನ್ನೂ ನೋಡಿ 'ಸೆಂಡ್ ಅನ್‌ಸೆಂಟ್ ಮೆಸೇಜಸ್' ಒತ್ತುತ್ತೇನೆ. ಮಳೆಗಾಲದಲ್ಲಿ ನೆಟ್ ಇಲ್ಲದಾಗಲೂ ಹೀಗೆ ಬರೆದಿಟ್ಟುಕೊಳ್ಳಬಹುದು.

ಪ್ರತಿ ಅಕೌಂಟ್‌ನ ಸೆಟ್ಟಿಂಗ್ಸ್ ಪುಟದ ಕೆಳಗೆ 'ಔಟ್‌ಗೋಯಿಂಗ್ ಸರ್ವರ್', ಅಂದರೆ ಪತ್ರ ಕಳಿಸುವ ಸರ್ವರ್ ಇರುತ್ತದೆ. ಅದು ಆಯಾ ಅಕೌಂಟ್‌ನದ್ದೇ ಇದೆಯಾ ನೋಡಿ. ಕಮಿಟಿಯ ಪತ್ರ ನಿಮ್ಮ ಸ್ವಂತ ಜಿಮೇಲ್ ಸರ್ವರ್ ಮೂಲಕ ಹೋದರೆ ಜಿಮೇಲ್ ಅದರ ಮೇಲೆ ನಿಮ್ಮ ವಿಳಾಸವನ್ನೇ ಹಾಕಿಬಿಡುತ್ತದೆ.

ಅಪ್ಪನ ಅಕೌಂಟ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಅಂಗಡಿಯ ಕಂಪ್ಯೂಟರ್‌ನಲ್ಲಿ ಕೆಲಸದ ಹುಡುಗರೂ ಕೂರುತ್ತಾರಾದರೆ ಅದನ್ನು ಅಲ್ಲಿ ಹಾಕಬೇಡಿ, ಮನೆಯ ಲ್ಯಾಪ್‌ಟಾಪ್‌ನಲ್ಲಿ ಹಾಕಿ. ಬ್ಯಾಂಕಿನ ಪಾಸ್‌ವರ್ಡ್ ಬದಲಿಸುವ ಪತ್ರ ಬರುವುದು ಆ ವಿಳಾಸಕ್ಕೇ. ಥಂಡರ್‌ಬರ್ಡ್‌ನಲ್ಲಿ 'ಪ್ರೈಮರಿ ಪಾಸ್‌ವರ್ಡ್' ಇಡಬಹುದು, ಇಡಿ. ಆದರೆ ಅದು ಕಾಯುವುದು ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು. ಈಗಾಗಲೇ ಇಳಿದಿರುವ ಪತ್ರಗಳನ್ನು ಅದು ಮುಚ್ಚುವುದಿಲ್ಲ.

ಕಮಿಟಿಯದ್ದಕ್ಕೂ ಒಂದು ಮಾತು. ಕಮಿಟಿ ಬದಲಾಗುತ್ತಾ ಇರುತ್ತದೆ. ಐಮ್ಯಾಪ್‌ನಲ್ಲಿ ಇದ್ದರೆ ಮುಂದಿನ ಖಜಾಂಚಿಗೆ ಪಾಸ್‌ವರ್ಡ್ ಕೊಟ್ಟರೆ ಸಾಕು, ದೇಣಿಗೆ ರಸೀದಿ, ಪತ್ರ ಎಲ್ಲಾ ಅವರಿಗೆ ಹಾಗೇ ಸಿಗುತ್ತದೆ. ಅವರು ಪಾಸ್‌ವರ್ಡ್ ಬದಲಿಸಿಕೊಳ್ಳಲಿ, ನೀವು ನಿಮ್ಮ ಕಂಪ್ಯೂಟರ್‌ನಿಂದ 'ರಿಮೂವ್ ಅಕೌಂಟ್' ಮಾಡಿ. ತೆಗೆಯುವಾಗ ಪತ್ರಗಳ ಡೇಟಾವನ್ನೂ ಅಳಿಸಬೇಕಾ ಅಂತ ಕೇಳುತ್ತದೆ. ಐಮ್ಯಾಪ್ ಆದ್ದರಿಂದ ಹೆದರಬೇಡಿ, ಅಳಿಯುವುದು ನಿಮ್ಮಲ್ಲಿರುವ ಪ್ರತಿ ಮಾತ್ರ.

ಮೊದಲು ಅಂಗಡಿಯದ್ದು ಮತ್ತು ನಿಮ್ಮದು, ಎರಡನ್ನೇ ಸೇರಿಸಿ. ಒಂದರಿಂದ ಇನ್ನೊಂದಕ್ಕೆ ಪತ್ರ ಹಾಕಿ, ಬಂದದ್ದನ್ನು ತೆರೆದು ಮೇಲೆ ಯಾರ ಹೆಸರಿದೆ ನೋಡಿ. ಅದು ಸರಿ ಇದ್ದರೆ ವಾರ ಬಿಟ್ಟು ಕಮಿಟಿಯದ್ದನ್ನು ಸೇರಿಸಿ.