ಹುಣ್ಣಿಮೆ ದಿನ ಬೆಳಿಗ್ಗೆ ಶಿವಮೊಗ್ಗ ಜಿಲ್ಲೆಯ ಸಾಗರ ತಲುಪಿದರೆ, ಭೂಮ್ತಾಯಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬ ನೋಡಲು ಸಿಗುತ್ತದೆಯೇ?

ಸಿಗುವುದಿಲ್ಲ. ತೊಳೆದು ಬೋರಲು ಹಾಕಿದ ಪಾತ್ರೆ ಸಿಗುತ್ತದೆ. ನನಗೆ ಸಿಕ್ಕಿದ್ದು ಅದೇ.

"ಎರಡೇ ದಿನ ರಜೆ ಇದೆ, ಭೂಮಿ ಹುಣ್ಣಿಮೆಗೆ ಹೋಗಲೋ ದೀಪಾವಳಿಯ ಅಂಟಿಗೆ-ಪಂಟಿಗೆಗೆ (ಹಾಡುತ್ತ ಮನೆಮನೆಗೆ ದೀಪ ತರುವುದು) ಹೋಗಲೋ, ಯಾವುದರಲ್ಲಿ ಫೋಟೊ ಚೆನ್ನಾಗಿ ಬರುತ್ತದೆ" ಅಂತ ಕೇಳಿದ್ದೀರಿ. ಓದುತ್ತಿದ್ದಂತೆ ನಗು ಬಂತು, ಆಮೇಲೆ ಹೊಟ್ಟೆಯಲ್ಲಿ ಸ್ವಲ್ಪ ಸಂಕಟವೂ ಆಯಿತು. 2018ರಲ್ಲಿ ನಾನೂ ರಜೆಯ ಲೆಕ್ಕ ಹಾಕುತ್ತಲೇ ಕೂತಿದ್ದೆ.

ನಾನು ಮದ್ದೂರು ಕಡೆಯವಳು. ನಮ್ಮಲ್ಲಿ ಶೀಗೆ ಹುಣ್ಣಿಮೆ (ಭೂಮಿ ಹುಣ್ಣಿಮೆಗೆ ಇನ್ನೊಂದು ಹೆಸರು) ಅಂದರೆ ಗೋಡೆ ಕ್ಯಾಲೆಂಡರಿನಲ್ಲಿರುವ ಒಂದು ಹೆಸರು, ಅಷ್ಟೆ. ಆ ವರ್ಷ ಬೇಸಿಗೆಯಲ್ಲಿ ಮದುವೆಯಾಗಿ ಸಾಗರದ ಹತ್ತಿರದ ಒಂದು ಹಳ್ಳಿಗೆ ಸೊಸೆಯಾದೆ. ಅತ್ತೆ ಮನೆಯವರು ದೀವರು, ಮಲೆನಾಡಿನ ಒಂದು ರೈತ ಸಮುದಾಯ. (ಎರಡೂ ಮನೆಯವರನ್ನು ಒಪ್ಪಿಸಲು ಮೂರು ವರ್ಷ ಹಿಡಿಯಿತು, ಅದು ಬೇರೆ ಕಥೆ.) ನವರಾತ್ರಿ ಹೊತ್ತಿಗೆ ಅತ್ತೆ ಫೋನಿನಲ್ಲಿ ಒಂದೇ ವಿಷಯ: "ಬುಟ್ಟಿ ಬಳಿದಾಯ್ತು, ಚಿತ್ತಾರ ಬರೀತಾ ಇದೀನಿ, ನೀನು ಬಾ." ಬಿದಿರು ಬುಟ್ಟಿಗೆ ಸಗಣಿ ಸಾರಿಸಿ ಒಣಗಿಸಿ, ಮೇಲೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಗೆರೆ ಎಳೆಯುತ್ತಾರೆ. ಭತ್ತದ ಸಸಿ, ಏಣಿ, ಸೂರ್ಯ, ಚಂದ್ರ, ಎತ್ತಿನ ಗಾಡಿ. ಬುಟ್ಟಿ ಎರಡು. ದೊಡ್ಡದು ಭೂಮಣ್ಣಿ ಬುಟ್ಟಿ, ಭೂಮ್ತಾಯಿಯ ಅಡುಗೆ ಅದರಲ್ಲಿ ಹೋಗುತ್ತದೆ. ಚಿಕ್ಕದು ಹಚ್ಚಂಬಲಿ ಬುಟ್ಟಿ, ಚರಗಕ್ಕೆ, ಅಂದರೆ ಗದ್ದೆಗೆ ಬೀರುವ ಅನ್ನಕ್ಕೆ. ಅತ್ತೆ ವಾಟ್ಸಾಪಿನಲ್ಲಿ ಕಳಿಸಿದ ಫೋಟೊಗೆ ನಾನು ಹೃದಯದ ಚಿತ್ರ ಒತ್ತಿ ಸುಮ್ಮನಾದೆ.

ಈಗ ತಪ್ಪಿಗೆ ಬರುತ್ತೇನೆ. ಇದನ್ನು ಬಿಡಿಸಿಯೇ ಹೇಳಬೇಕು, ಯಾಕೆಂದರೆ ನೀವು ಅಕ್ಷರಕ್ಕೆ ಅಕ್ಷರ ಅದನ್ನೇ ಮಾಡಹೊರಟಿದ್ದೀರಿ. ಭೂಮಿ ಹುಣ್ಣಿಮೆ ಆಶ್ವಯುಜ ಮಾಸದ ಹುಣ್ಣಿಮೆ. ಅದೇ ದಿನ ವಾಲ್ಮೀಕಿ ಜಯಂತಿ, ಸರ್ಕಾರಿ ರಜೆ. 2018ರಲ್ಲಿ ಅದು ಅಕ್ಟೋಬರ್ 24, ಬುಧವಾರ. ಕ್ಯಾಲೆಂಡರಿನಲ್ಲಿ ಬುಧವಾರ ಕೆಂಪಗಿದೆ, ಹಬ್ಬವೂ ಬುಧವಾರ. ಹಾಗಾದರೆ ಮಂಗಳವಾರ ಸಂಜೆವರೆಗೆ ಕೆಲಸ ಮಾಡಿ ರಾತ್ರಿ ಬಸ್ಸು ಹತ್ತಿದರೆ ಒಂದೂ ರಜೆ ಹಾಕದೆ ಹಬ್ಬ ಮುಗಿಯುತ್ತದೆ, ಉಳಿದ ಸಿ.ಎಲ್. ದೀಪಾವಳಿಗಾಯಿತು. ಇದು ನನ್ನ ಬುದ್ಧಿವಂತಿಕೆ. ಗಂಡ ಎರಡು ದಿನ ಮೊದಲೇ ಊರಿಗೆ ಹೋಗಿದ್ದ. ಫೋನಿನಲ್ಲಿ, "ಬೆಳಗಾಗೋದರೊಳಗೆ ಇರಬೇಕು ಕಣೆ" ಅಂದ. ನಮ್ಮ ಕಡೆ ಯಾರಾದರೂ ಹಾಗೆ ಅಂದರೆ "ಬೇಗ ಬಾ, ತಿಂಡಿ ಹೊತ್ತಿಗೆ ಬಾ" ಅಂತಷ್ಟೇ ಅರ್ಥ. ನಾನೂ ಹಾಗೇ ತಿಳಿದೆ. ಅವನು ಹೇಳಿದ್ದು ನಿಜವಾಗಿಯೂ ಬೆಳಗಾಗುವುದರೊಳಗೆ ಅಂತ. ಕತ್ತಲು ಇರುವಾಗಲೇ ಅಂತ.

ಈ ಹಬ್ಬ ಶುರುವಾಗುವುದೇ ಹಿಂದಿನ ದಿನ. ಯುಗಾದಿಯ ಹಾಗೆ ಬೆಳಿಗ್ಗೆ ಎದ್ದು ಎಣ್ಣೆ ಹಚ್ಚಿಕೊಂಡ ಮೇಲೆ ಶುರುವಾಗುವುದಿಲ್ಲ. ಹಿಂದಿನ ದಿನವೇ ಮನೆಯವರೆಲ್ಲ ಬೇಲಿ, ಬೆಟ್ಟ ಸುತ್ತಿ ಬೆರಕೆ ಸೊಪ್ಪು ಕೊಯ್ಯುತ್ತಾರೆ. ನೂರೊಂದು ಕುಡಿ ಅನ್ನುವುದು ಮಾತಿಗೆ, ಆದರೆ ಇಪ್ಪತ್ತು ಮೂವತ್ತು ಬಗೆ ನಾನೇ ಆಮೇಲೆ ಎಣಿಸಿದ್ದೇನೆ. ಹೀರೆ, ಹಾಗಲ, ಅಮಟೆ ಬೇರೆ. ರಾತ್ರಿಯಿಡೀ ಹೆಂಗಸರು ಮಲಗುವುದಿಲ್ಲ: ಸೌತೆಕಾಯಿ ಕಡುಬು, ಪಾಯಸ, ಬುತ್ತಿ. ಉಪ್ಪು ಹಾಕದ ಅನ್ನಕ್ಕೆ ಆ ಸೊಪ್ಪು ಬೆರೆಸಿದರೆ ಅದು ಹಚ್ಚಂಬಲಿ. ಕೋಳಿ ಕೂಗುವ ಹೊತ್ತಿಗೆ ಗಂಡಸರು ಬುಟ್ಟಿ ಹೊತ್ತು, ದೀಪ ಹಿಡಿದು ಗದ್ದೆಗೆ ಹೋಗಿ "ಹಚ್ಚಂಬಲಿ, ಹಾಲಂಬಲಿ" ಅಂತ ಕೂಗುತ್ತ ಮೂಲೆ ಮೂಲೆಗೂ ಬೀರುತ್ತಾರೆ. ಇಲಿಗೂ ಪಾಲು, ಹುಳಕ್ಕೂ ಪಾಲು, ಹಕ್ಕಿಗೂ ಪಾಲು. ಭತ್ತ ಆಗ ಹೊಡೆಯಾಗಿರುತ್ತದೆ, ಅಂದರೆ ತೆನೆ ಇನ್ನೂ ಒಳಗೇ ಇದ್ದು ದಂಟು ಉಬ್ಬಿರುತ್ತದೆ. ಭೂಮ್ತಾಯಿ ಬಸುರಿ, ಇದು ಅವಳ ಬಯಕೆ ಊಟ. ಬಸುರಿಗೆ ಬಡಿಸಲು ಬುಧವಾರದ ರಜೆ ನೋಡುತ್ತಾರೆಯೇ?

ಬಸ್ಸಿನಲ್ಲಿ ಫೋನ್ ಸೈಲೆಂಟ್ ಮಾಡಿ ಮಲಗಿದ್ದೆ. ಸಾಗರದಲ್ಲಿ ಇಳಿದಾಗ ಏಳು ದಾಟಿತ್ತು, ಗಂಡನ ಆರು ಮಿಸ್ಡ್ ಕಾಲ್, ಮೊದಲನೆಯದು ಮೂರೂವರೆಗೆ. ಹಳ್ಳಿ ಬಸ್ಸು ಹಿಡಿದು ಮನೆ ಮುಟ್ಟಿದಾಗ ಒಂಬತ್ತು. ಅತ್ತೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರು. "ಬಂದ್ಯಾ ಮಾರಾಯ್ತಿ, ಕೈಕಾಲು ತೊಳ್ಕೊ, ಕಡುಬು ತಿನ್ನು" ಅಂದರು. ಬೈದಿದ್ದರೆ ವಾಸಿಯಿತ್ತು.

ಸಂಜೆ ಗಂಡ ಹೇಳಿದ ಮೇಲೆ ಗೊತ್ತಾಯಿತು. ಗದ್ದೆಯಲ್ಲಿ ಎಡೆ ಇಡುವ ಮೊದಲು ಭತ್ತದ ಬುಡಕ್ಕೆ ಮನೆಯ ಹೆಂಗಸಿನ ತಾಳಿ ಸರ ಹಾಕಿ ಪೂಜೆ ಮಾಡುತ್ತಾರೆ. ಆ ವರ್ಷ ಹೊಸ ಸೊಸೆಯದನ್ನು ಹಾಕಬೇಕು ಅಂತ ಅತ್ತೆ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರಂತೆ. ನನಗೆ ಹೇಳಿರಲಿಲ್ಲ, ಬಂದಾಗ ಆಶ್ಚರ್ಯವಾಗಲಿ ಅಂತ. ಬೆಳಕು ಹರಿಯುವವರೆಗೆ ಕಾದು, ಆಮೇಲೆ ತಮ್ಮದನ್ನೇ ಬಿಚ್ಚಿ ಹಾಕಿದರಂತೆ. ಕಾಗೆ ಎಡೆ ಮುಟ್ಟಿ, ಗದ್ದೆ ಅಂಚಿನಲ್ಲೇ ಎಲ್ಲರ ಊಟವಾಗಿ, ಒಂದು ಕಡುಬು ಮಣ್ಣಲ್ಲಿ ಹೂತು ಬಂದಿದ್ದರು. ಅದನ್ನು ಕೊಯ್ಲಿನ ಹೊತ್ತಿಗೆ ಅಗೆದು ತೆಗೆಯುತ್ತಾರೆ.

ನಾನು ಆ ದಿನ ಮಧ್ಯಾಹ್ನ ಗದ್ದೆಗೆ ಹೋದೆ. ಅಂಚಿನಲ್ಲಿ ಬಾಳೆಲೆ, ಕಾಗೆ, ಅಲ್ಲಲ್ಲಿ ಚೆಲ್ಲಿದ ಹಸಿರು ಅನ್ನ. ಫೋಟೊ ತೆಗೆದೆ. ಫೋಟೊ ಚೆನ್ನಾಗಿಯೇ ಬಂದಿದೆ, ಬೇಕಾದರೆ ಕಳಿಸುತ್ತೇನೆ.

ಮುಂದಿನ ವರ್ಷ ನೋಡಿಕೊಂಡರಾಯಿತು ಅಂದುಕೊಂಡೆ. 2019ರಲ್ಲಿ ಹುಣ್ಣಿಮೆ ಭಾನುವಾರವೇ ಬಂತು. ನಾನು ಶುಕ್ರವಾರವೇ ಹೋಗಿದ್ದೆ, ಸೊಪ್ಪು ಕೊಯ್ದೆ, ರಾತ್ರಿಯೆಲ್ಲ ಎದ್ದಿದ್ದೆ, ಹೊಗೆಗೆ ಕಣ್ಣು ಕೆಂಪಾಗಿತ್ತು. ಆದರೆ ಆ ಬೇಸಿಗೆಯಲ್ಲೇ ಮಾವ ಗದ್ದೆಗೆ ಅಡಿಕೆ ಸಸಿ ಇಟ್ಟಿದ್ದರು. ಆಳು ಸಿಗುವುದಿಲ್ಲ, ಭತ್ತಕ್ಕೆ ದರವಿಲ್ಲ. ಅವರನ್ನು ದೂರುವ ಯೋಗ್ಯತೆ ನನಗಿಲ್ಲ, ನಾನು ಒಂದು ದಿನವೂ ನಾಟಿ ಮಾಡಿದವಳಲ್ಲ. ಈಗ ಚರಗ ಬೀರುವುದು ತೋಟದಲ್ಲಿ. ಅಡಿಕೆ ತೋಟದವರು ಹಿಂದಿನಿಂದಲೂ ತೋಟದಲ್ಲೇ ಮಾಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅಡಿಕೆ ಸಸಿಗೆ ತಾಳಿ ಹಾಕಿ ನಿಂತಾಗ ಅತ್ತೆ ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ. ಒಂದು ಸಿ.ಎಲ್. ಉಳಿಸಿದ್ದಕ್ಕೆ ಬಸುರಿ ಭತ್ತದ ಪೂಜೆ ನನ್ನ ಪಾಲಿಗೆ ಆ ಗದ್ದೆಯಲ್ಲಿ ಒಮ್ಮೆಯೂ ಸಿಗಲಿಲ್ಲ.

ದೀಪಾವಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಹುಣ್ಣಿಮೆಯಾಗಿ ಹದಿನೈದು ದಿನಕ್ಕೆ. ಬಲಿಪಾಡ್ಯಮಿ ರಾತ್ರಿಯಿಂದ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು, ಹಾಡುತ್ತ ಮನೆಮನೆಗೆ ಬರುತ್ತಾರೆ. ಅವರ ದೀಪದಿಂದ ಮನೆಯ ದೀಪ ಹಚ್ಚಿಕೊಂಡು ಎಣ್ಣೆ, ಅಕ್ಕಿ, ದುಡ್ಡು ಕೊಡುತ್ತೇವೆ. ರಜೆ ಕಡಿಮೆ ಇರುವವರಿಗೆ ಇದು ಸುಲಭ, ಹಬ್ಬವೇ ನಿಮ್ಮ ಬಾಗಿಲಿಗೆ ಬರುತ್ತದೆ. ಆದರೆ ಮುಖದ ಮೇಲೆ ಫ್ಲ್ಯಾಶ್ ಬಿಡಬೇಡಿ. ಕಳೆದ ಸಲ ಒಬ್ಬರು ಹಾಡನ್ನು ನಡುವೆ ನಿಲ್ಲಿಸಿ "ರೀಲ್ಸಿಗೆ ಇನ್ನೊಂದ್ಸಲ ಹಾಡಿ" ಅಂದರು. ಹಾಡುವವರು ಪಾಪ ಇನ್ನೊಂದು ಸಲ ಹಾಡಿದರು. ನಾನಾಗಿದ್ದರೆ ಬಾಗಿಲು ಹಾಕುತ್ತಿದ್ದೆ.

ಹಾಗಾಗಿ "ಯಾವುದು ನೋಡಲು ಚೆಂದ" ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗಂಟೆ, ನಿಮಿಷ ಗೊತ್ತಿರುವ, ಸಾವಿರಾರು ಜನ ಸೇರುವ ಹಬ್ಬವೇ ಬೇಕಿದ್ದರೆ ಕೊಡಗಿಗೆ ಹೋಗಿ. ತುಲಾ ಸಂಕ್ರಮಣಕ್ಕೆ, ಅಕ್ಟೋಬರ್ 17ರ ಆಸುಪಾಸಿನಲ್ಲಿ, ತಲಕಾವೇರಿಯಲ್ಲಿ ತೀರ್ಥೋದ್ಭವ, ಕಾವೇರಿ ಉಕ್ಕಿ ಬರುತ್ತಾಳೆ ಎಂದು ನಂಬುವ ಗಳಿಗೆ. ಮುಹೂರ್ತ ಮೊದಲೇ ಪೇಪರಿನಲ್ಲಿ ಬರುತ್ತದೆ, ನಡುರಾತ್ರಿಯೂ ಇರಬಹುದು, ಸ್ವೆಟರ್ ಇಟ್ಟುಕೊಳ್ಳಿ. ಭೂಮಿ ಹುಣ್ಣಿಮೆಗೆ ಟಿಕೆಟ್ಟೂ ಇಲ್ಲ, ವೇದಿಕೆಯೂ ಇಲ್ಲ, ಒಂದೊಂದು ಮನೆಯಲ್ಲಿ ಒಂದೊಂದು ಹೊತ್ತು. ಹೋಂಸ್ಟೇಯಲ್ಲಿ ಕೂತು ನೋಡಬೇಕು ಅಂದರೆ ಬರಲೇಬೇಡಿ. ಆಫೀಸಿನಲ್ಲಿ ಸಾಗರ, ಸೊರಬ, ಹೊಸನಗರ ಕಡೆಯವರು ಒಬ್ಬರಾದರೂ ಇರುತ್ತಾರೆ, ಹಬ್ಬಕ್ಕೆ ಬರಲಾ ಅಂತ ಬಾಯಿಬಿಟ್ಟು ಕೇಳಿ. ಇನ್ನೂ ಭತ್ತ ಬೆಳೆಯುವ ಮನೆಯಾದರೆ ನಿಮ್ಮ ಅದೃಷ್ಟ.

ಎರಡೇ ರಜೆ ಅಂದಿರಲ್ಲ, ಹುಣ್ಣಿಮೆಯ ಹಿಂದಿನ ದಿನಕ್ಕೆ ಒಂದು ಹಾಕಿ, ಅಂದು ಬೆಳಿಗ್ಗೆಯೇ ಊರಲ್ಲಿರಿ. ಹೆಂಗಸರ ಜೊತೆ ಸೊಪ್ಪಿಗೆ ಹೋಗಿ, ಯಾವುದು ಕೊಯ್ಯಬಾರದು ಅಂತ ಕೇಳಿಯೇ ಕೊಯ್ಯಿರಿ. ಇನ್ನೊಂದು ರಜೆ ಹುಣ್ಣಿಮೆಯ ಮಾರನೇ ದಿನಕ್ಕೆ, ನಿದ್ದೆ ಮಾಡಲು. ಒಂದು ಒಳ್ಳೆಯ ಟಾರ್ಚು ತನ್ನಿ. ಗದ್ದೆ ಅಂಚು ಆ ಹೊತ್ತಿಗೆ ಇಬ್ಬನಿಗೆ ಜಾರುತ್ತದೆ, ಮೊಬೈಲ್ ಬೆಳಕು ಹಿಡಿದು ಇಳಿಯುವವರನ್ನು ಕಂಡರೆ ನಮ್ಮ ಮಾವ ಬೈಯುತ್ತಾರೆ.