ಶಾಲೆಯ ಪೂಜೆ ಬೇಡ, ಚುನಾವಣೆ ಬೇಕು: ಎರಡೂ ಸಾಧ್ಯ

ನಿಲ್ಲಲಿ ಬಿಡ್ರಿ. ಹುಬ್ಬಳ್ಳಿಯ ಅನುದಾನಿತ ಹೈಸ್ಕೂಲಿನಲ್ಲಿ ಎಂಟನೇ ಇಯತ್ತೆ ಓದುವ ಮಗಳು ಶಾಲಾ ಸಂಸತ್ತಿನ ಮುಖ್ಯಮಂತ್ರಿ ಸ್ಥಾನಕ್ಕೆ ನಿಲ್ಲುತ್ತೇನೆ ಅನ್ನುತ್ತಿದ್ದಾಳೆ, ಗೆದ್ದವರು ಶಾರದಾ ಪೂಜೆಗೂ ಮುಂದೆ ನಿಲ್ಲಬೇಕಂತೆ, ನಾವು ಮುಸ್ಲಿಮರು, ಬೇಡವೆಂದು ಹೇಳಿಬಿಡಲೇ ಎಂದು ಕೇಳಿದ್ದೀರಿ. ನಾನು ಹಳೇ ಹುಬ್ಬಳ್ಳಿಯ ಮುಸ್ಲಿಂ ಮನೆಯವಳು. ಈಗ ಗದಗ ಕಡೆ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಶಾಲೆಯಲ್ಲಿ ಈ ಚುನಾವಣೆ ನಡೆಸುವ ಕೆಲಸ ನನ್ನದೇ.

ನಿಮ್ಮ ಅಂಜಿಕೆ ಎಲ್ಲಿಯದೆಂದು ಬಲ್ಲೆ. 1994ರ ಆಗಸ್ಟ್ 15ರಂದು ಹುಬ್ಬಳ್ಳಿಯ ಈದ್ಗಾ ಮೈದಾನದಲ್ಲಿ ರಾಷ್ಟ್ರಧ್ವಜ ಹಾರಿಸುವ ಗಲಾಟೆಯಲ್ಲಿ ಗೋಲಿಬಾರ್ ಆಯಿತಲ್ಲ, ಆಮೇಲೆ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಕಲಿಸಿದ್ದು ಒಂದೇ: ಓದು, ಮನೆಗೆ ಬಾ, ಯಾವುದಕ್ಕೂ ಮುಂದೆ ಹೋಗಬೇಡ. ಹಾಗೆ ಹಿಂದಿನ ಬೆಂಚಿಗೆ ಸರಿದ ಜಾಣ ಹುಡುಗಿಯರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಪೂಜೆಯ ಮಾತು ಬೇರೆ, ಚುನಾವಣೆಯ ಮಾತು ಬೇರೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಯಾರನ್ನೂ ಒತ್ತಾಯಿಸುವಂತಿಲ್ಲ, ವಿದ್ಯಾರ್ಥಿ ಚಿಕ್ಕವರಾಗಿದ್ದರೆ ಪೋಷಕರ ಒಪ್ಪಿಗೆ ಬೇಕು ಎಂದು ಸಂವಿಧಾನದ 28(3)ನೇ ವಿಧಿ ಹೇಳುತ್ತದೆ. ಅಂದರೆ ಆ ಒಪ್ಪಿಗೆ ಕೊಡುವುದು, ಬಿಡುವುದು ನಿಮ್ಮ ಕೈಯಲ್ಲಿದೆ. ನಾಮಪತ್ರ ಕೊಡುವ ಮೊದಲೇ ಮುಖ್ಯೋಪಾಧ್ಯಾಯರನ್ನು ಕಂಡು, ಜಗಳದ ದನಿಯಿಲ್ಲದೆ, ಒಂದು ಅರ್ಜಿ ಬರೆದುಕೊಡಿ. ಒಂದು ಪ್ರತಿ ನಿಮ್ಮ ಬಳಿ ಇರಲಿ. ಪೂಜೆಯ ದಿನ ಸಾಂಸ್ಕೃತಿಕ ಮಂತ್ರಿ ಮುಂದೆ ನಿಂತರಾಯಿತು. ನಮ್ಮಲ್ಲಿ ಹಾಗೆಯೇ ನಡೆಯುತ್ತಿದೆ, ಯಾರೂ ಮುಖ ಗಂಟಿಕ್ಕಿಲ್ಲ. ಅವರು ಒಪ್ಪದಿದ್ದರೆ ಅದೇ ಅರ್ಜಿ ಹಿಡಿದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ.

ಧ್ವಜವಂದನೆ, ಸಂವಿಧಾನದ ಪೀಠಿಕೆ ಓದುವುದು ಪೂಜೆಯಲ್ಲ. ಅಲ್ಲಿ ಅವಳು ಎಲ್ಲರಿಗಿಂತ ಮುಂದೆ ನಿಲ್ಲಲಿ. ರಾಷ್ಟ್ರಗೀತೆ ಹಾಡಲು ಧರ್ಮ ಒಪ್ಪುವುದಿಲ್ಲವೆಂದು ಗೌರವದಿಂದ ಎದ್ದು ನಿಂತಷ್ಟೇ ಇದ್ದ ಕೇರಳದ ಮೂವರು ಮಕ್ಕಳನ್ನು (ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು) ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು 1986ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಿಮ್ಮದು ಅಷ್ಟು ತೊಡಕಿನ ಪ್ರಶ್ನೆಯೂ ಅಲ್ಲ.

ಇನ್ನು ಪ್ರಚಾರ. ಮಕ್ಕಳು ಓಟು ಹಾಕುವುದು ಧರ್ಮ ನೋಡಿ ಎಂದು ದೊಡ್ಡವರು ಅಂದುಕೊಂಡಿರುತ್ತಾರೆ. ನನ್ನ ಕಣ್ಣೆದುರು ಗೆದ್ದವರು ಹೆಚ್ಚಾಗಿ ಹುಡುಗಿಯರ ಶೌಚಾಲಯಕ್ಕೆ ಚಿಲಕ ಹಾಕಿಸುತ್ತೇನೆ, ಆಟದ ಪಿರಿಯಡ್ಡನ್ನು ಗಣಿತದವರಿಗೆ ಬಿಟ್ಟುಕೊಡುವುದಿಲ್ಲ ಅಂದವರು. ನಿಮ್ಮ ಮಗಳೂ ಅಂಥದ್ದನ್ನೇ ಮಾತಾಡಲಿ. ‘ನಮ್ಮವರ’ ಓಟು ಕೂಡಿಸಿಕೊಡುತ್ತೇನೆಂದು ಬರುವ ಹುಡುಗರನ್ನು ದೂರವಿಡಲಿ. ಓಣಿಯ ಪಕ್ಷದ ಕಾರ್ಯಕರ್ತರು ಫೋಟೋಕ್ಕೆ ಬಂದರೆ ಅವರನ್ನೂ.

ನಾಮಪತ್ರಕ್ಕೆ ಸೂಚಕರ, ಅನುಮೋದಕರ ಸಹಿ ಕೇಳಬಹುದು. ಅವರಲ್ಲಿ ಒಬ್ಬಳಾದರೂ ನಿಮ್ಮ ಓಣಿಯವಳಲ್ಲದ ಗೆಳತಿಯಿರಲಿ.