ಅತಿಥಿಗಳ ಚಿಕ್ಕ ಶೌಚಾಲಯಕ್ಕೆ ದೊಡ್ಡ ವಿನ್ಯಾಸದ ವಾಲ್‌ಪೇಪರ್ ಹೊಂದುತ್ತದೆಯೇ?

ಹೊಂದುತ್ತದೆ, ಅಲ್ಲಿ ಯಾರೂ ಹೆಚ್ಚು ಹೊತ್ತು ಇರುವುದಿಲ್ಲವಾದ್ದರಿಂದ, ಹಜಾರದಲ್ಲಿ ಕಣ್ಣಿಗೆ ಭಾರವೆನಿಸಬಹುದಾದ ಮೊಳದುದ್ದದ ಬಾಳೆಲೆಗಳ ಚಿತ್ರವೂ ಆ ನಾಲ್ಕು ಗೋಡೆಗಳ ನಡುವೆ ಖುಷಿಯನ್ನೇ ಕೊಡುತ್ತದೆ. 53 ಸೆಂ.ಮೀ. ಅಗಲ, 10 ಮೀಟರ್ ಉದ್ದದ ಒಂದು ಸುರುಳಿಯಲ್ಲಿ ಸುಮಾರು 57 ಚದರ ಅಡಿ ಕಾಗದವಿರುತ್ತದೆಯಾದರೂ, ದೊಡ್ಡ ವಿನ್ಯಾಸದ ಅಂಚುಗಳನ್ನು ಕೂಡಿಸುವಾಗ ಒಂದಿಷ್ಟು ಕತ್ತರಿಸಿ ಹೋಗುವುದನ್ನು ಲೆಕ್ಕಕ್ಕೆ ಹಿಡಿಯಬೇಕು. ನಿಜವಾದ ಶತ್ರು ತೇವ. ನೀರು ಸಿಡಿಯುವ ಎತ್ತರದವರೆಗೆ ಟೈಲ್ಸ್ ಉಳಿಸಿಕೊಂಡು, ಅದರ ಮೇಲೆ ಒರೆಸಬಹುದಾದ ವಿನೈಲ್ ವಾಲ್‌ಪೇಪರನ್ನೇ ಅಂಟಿಸಿ. ಗೋಡೆಯಲ್ಲಿ ಮೊದಲೇ ಪಸೆಯಿದ್ದರೆ, ಮಳೆಗಾಲದಲ್ಲಂತೂ, ಅಂಟು ಬಿಟ್ಟು ಹಿಂದೆ ಬೂಷ್ಟು ಹಿಡಿಯುತ್ತದೆ. ಅಂಥ ಭಯವಿದ್ದಲ್ಲಿ ಗೋಡೆಗೆ ಕೆಮ್ಮಣ್ಣಿನ ಬಣ್ಣ ಬಳಿಸಿ, ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವೆಂಬ ಜನಪದ ಚಿತ್ರಕಲೆಯ ಒಂದೇ ದೊಡ್ಡ ಪಟವನ್ನು ಗಾಜು ಹಾಕಿಸಿ ತೂಗುಹಾಕುವುದು ನನಗೆ ಹೆಚ್ಚು ಸರಿಯೆನಿಸುತ್ತದೆ.